ಐತಾರದ ಕಾಲು

22 ಡಿಸೆಂಬರ್ 2024, ರವಿವಾರ

ಇವತ್ತ ಇವ್ರ ಕಾಲು ನನ್ನ ಬೆನ್ನಿಗೆ ತಾಗಿತು. ಆರು ವರ್ಷದಾಗ ಇವ್ರದು ಅಂತ ಏನರ ನನ್ನ ಮೈಗೆ ತಾಗಿದ್ದು ಇದ ಮೊದಲು. ಅದಕ್ಕ ಬರ್ಯಾಕ ಕುಂತೀನಿ. ಆಶಾ ಕಾರ್ಯಕರ್ತೆಯರಿಗೆ ಅಂತ ಇಲಾಖೆಯವ್ರು ಕೊಟ್ಟ ಡೈರಿ ಇದು. ಬಸುರಿ-ಬಾಣಂತ್ಯಾರ ವಿವರ ಎಲ್ಲಾ ಈಗ ಮೊಬೈಲಿನ್ಯಾಗ ತುಂಬತೀವಿ, ಡೈರಿ ಖಾಲಿ ಬಿದ್ದಿತ್ತು.

ನಮ್ಮ ಮನಿಯವ್ರು ಮೈಲಾರಲಿಂಗಪ್ಪ. ಹುಟ್ಟುವಾಗ ತಲಿ ಅಲ್ಲ, ಕಾಲು ಮೊದಲ ಬಂದಿದ್ವಂತ. ಹಂಗ ಹುಟ್ಟಿದವ್ರು ಕಾಲು ತಾಗಿಸಿದ್ರ ನಡದ ಉಳುಕು ಹೋಗ್ತೈತಿ ಅಂತ ನಮ್ಮ ಕಡೆ ನಂಬಿಕಿ. ಐತಾರ ಮುಂಜಾನಿ ಇವ್ರು ಮಾರಿ ತೊಳ್ಕೊಳ್ಳೋದರೊಳಗ ಲಕ್ಷ್ಮೇಶ್ವರ, ಶಿರಹಟ್ಟಿ, ಅತ್ಲಾಗ ಮುಂಡರಗಿ ಮಂದಿ ಸಹಿತ ಬಂದು ನಮ್ಮೂರು ಅಡರಕಟ್ಟ್ಯಾಗ ನಮ್ಮ ಮನಿ ಕಟ್ಟಿ ಮ್ಯಾಲ ಕುಂತಿರ್ತಾರ. ಅಂಗಳದಾಗ ಗೋಣಿತಟ್ಟು ಹಾಸೋದು, ಬಂದವ್ರು ಬೋರಲ ಮಕ್ಕೊಳ್ಳೋದು, ಇವ್ರು ಎಡಗಾಲಿಲೆ ಮೂರು ಸಲ ಒತ್ತೋದು. ಮುಗೀತು. ಆಶಾ ಆದಾಕಿ ನಾ ಇದನ್ನ ನಂಬಬಾರದು. ಮೀಟಿಂಗಿನ್ಯಾಗ ಇದರ ಮ್ಯಾಲ ನಕ್ಕೀನಿ ಸಹಿತ.

ಆದ್ರ ಎರಡು ತಿಂಗಳಿಂದ ನನ್ನ ನಡ ಹಿಡದೈತಿ. ಇವತ್ತ ಎಲ್ಲಾರೂ ಹೋದ ಮ್ಯಾಲ ಇವ್ರು ಗೋಣಿತಟ್ಟು ಮಡಚಾಕ ಬಗ್ಗಿದ್ರು. ನಾ ಹೋಗಿ ಅದರ ಮ್ಯಾಲ ಬೋರಲ ಮಕ್ಕೊಂಡ ಬಿಟ್ಟೆ. ಅದೇನ ಧೈರ್ಯ ಬಂತೋ ಶಿವನ ಬಲ್ಲ.

"ನಿನಗೇನಾತು?" ಅಂದ್ರು.

"ನಡ. ಎಲ್ಲಾರಿಗೂ ಮಾಡ್ತೀರಿ, ನನಗ ಮಾಡಂಗಿಲ್ಲೇನು?"

ಬಾಗಲದ ಕಡೆ ಒಮ್ಮಿ ನೋಡಿದ್ರು. ಆಮ್ಯಾಲ ಕಾಲಿಟ್ರು. ಹಿಮ್ಮಡಿ ಒರಟ, ಬೆಚ್ಚಗ ಇತ್ತು. ಮೂರು ಸಲ ಆದ ಮ್ಯಾಲ "ಇನ್ನೊಮ್ಮಿ" ಅಂದೆ. "ಮೂರ ಸಲ ಅಷ್ಟ" ಅಂದು ದನದ ಕಡೆ ಹೋದ್ರು. ಮಂದಿಗೆಲ್ಲಾ ಮೂರು ಅಂದ್ರ ಹೆಂಡ್ತಿಗೂ ಮೂರು. ಎಂಥಾ ನ್ಯಾಯ ಇದು!

ಹುಬ್ಬಳ್ಳ್ಯಾಗ ನನ್ನ ಎಡಗಡೆ ಎದಿ ತಗದು ಆರು ವರ್ಷ ಆತು. ಕ್ಯಾನ್ಸರ್. ಊರಾಗ ಆ ಹೆಸರು ಯಾರೂ ಎತ್ತಂಗಿಲ್ಲ, "ಶೈಲಕ್ಕಗ ಆಪರೇಷನ್ ಆಗೈತಿ" ಅಂತಾರ. ಅವತ್ತಿಂದ ಇವ್ರ ಹಾಸಿಗಿ ಪಡಸಾಲ್ಯಾಗ, ನನ್ನದು ಒಳಗ. ಬೈದಿಲ್ಲ, ಹೊಡದಿಲ್ಲ, ಒಂದಿನ ಗುಳಿಗಿ ತಪ್ಪಿಸಿಲ್ಲ. ಮುಟ್ಟಿಲ್ಲ, ಅಷ್ಟ. ಚಾ ಕೊಟ್ರೂ ಕಪ್ಪು ಬಾಜೂಕ ಇಟ್ಟು ಹೋಗ್ತಾರ.

30 ಡಿಸೆಂಬರ್, ಸೋಮವಾರ

ಎಳ್ಳಮವಾಸಿ. ಭೂಮಿತಾಯಿಗೆ ಎಡಿ ಕೊಟ್ಟು ಚರಗ ಚೆಲ್ಲಾಕ ಹೊಲಕ್ಕ ಹೋಗಿದ್ವಿ. ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗಿ ಎಲ್ಲಾ ನಾನ ಮಾಡಿದೆ, ಬುಟ್ಟಿ ಮಾತ್ರ ತಲಿ ಮ್ಯಾಲ ಹೊರಾಕ ಆಗ್ಲಿಲ್ಲ. ಇವ್ರು "ಕೊಡಿಲ್ಲೆ" ಅಂತ ತಗೊಂಡು ತಾವ ಹೊತ್ಕೊಂಡ್ರು. ಬಾಜೂ ಹೊಲದ ಫಕೀರೇಶ ನೋಡಿ, "ಏನ ಮಾವಾ, ಈ ವರ್ಷ ನೀನ ಬುಟ್ಟಿ ಹೊತ್ತೀ?" ಅಂತ ಚಾಷ್ಟಿ ಮಾಡಿದ. "ಹೌದಲೇ, ನಿನ್ನ ಹೆಂಡ್ತಿ ಬುಟ್ಟೀನೂ ಕಳಸು, ಹೊರತೀನಿ" ಅಂದ್ರು. ಇವ್ರು ಹಿಂಗ ಮಾತಾಡಿದ್ದು ಕೇಳಿ ಭಾಳ ದಿನ ಆಗಿತ್ತು.

ಬದುವಿನ ಮ್ಯಾಲ ಇವ್ರ ಹಿಂದಿಂದ ನಡದೆ. ಮದಿವಿ ಆದ ಹೊಸದಾಗ ಇದ ಬದುವಿನ್ಯಾಗ ನನ್ನ ಜಡಿ ಹಿಡದು ಎಳೀತಿದ್ರು. "ಬಿಡ್ರಿ, ಯಾರರ ನೋಡಿಗೀಡ್ಯಾರು" ಅಂತಿದ್ದೆ. ಈಗ ಊರಿಗೂರ ನೋಡ್ಲಿ ಅನಸ್ತೈತಿ. ಒಮ್ಮಿ ಹೊಳ್ಳಿ ನೋಡಿ ಜಡಿ ಎಳೀಬಾರದೇನು ಅಂತ ಹೊಲ ಮುಟ್ಟೋ ತನಕ ಕಾದೆ.

ದೀಪಾವಳಿಗೆ ಹೊಲಿಸಿದ ಜಂಪರ ಎರಡೂ ಸಡ್ಲ ಆಗ್ಯಾವು. ಸರ್ವೇ ಸರ್ವೇ ಅಂತ ತಿರಗಿ ತಿರಗಿ ಸೊರಗಿರಬೇಕು. ಬಾಯಿ ಒಂದ ಸವನ ಆರತೈತಿ, ಒಂದು ಬಿಂದಿಗಿ ನೀರು ನಾ ಒಬ್ಬಾಕೀನ ಕುಡದೆ.

5 ಜನವರಿ 2025, ರವಿವಾರ

ಇವತ್ತ ಕೈ!

ಹೋದ ಐತಾರ ಮಂದಿ ಭಾಳ ಇದ್ರು, ನನ್ನ ಪಾಳಿ ಬಂದಿರಲಿಲ್ಲ. ಇವತ್ತ ಎಲ್ಲಾರೂ ಹೋದ ಮ್ಯಾಲ ಮತ್ತ ಮಕ್ಕೊಂಡೆ. ಮೂರು ಸಲ ಕಾಲಿಟ್ಟು, "ಕಡಿಮಿ ಆಗಿಲ್ಲೇನು?" ಅಂದ್ರು. "ಇನ್ನೂ ಚೂರು ಐತಿ" ಅಂದೆ. ಅವ್ರು ಒಳಗ ಹೋಗಿ ಔಡಲೆಣ್ಣಿ ಬೆಚ್ಚಗ ಮಾಡ್ಕೊಂಡು ಬಂದು, ಕುಕ್ಕರಗಾಲಿಲೆ ಕುಂತು, ಕೈಲೆ ಹಚ್ಚಾಕತ್ರು. ನನ್ನ ಗಂಡ! ಹಗಲೊತ್ತಿನ್ಯಾಗ, ಅಂಗಳದಾಗ! ಹೆಬ್ಬಟ್ಟು ಬೆನ್ನೆಲುಬಿನ ಗುಂಟ ಮ್ಯಾಲಿಂದ ಕೆಳಗ ಬಂತು. ಒಂದು ಕಡೆ ನಿಂತ ಬಿಡ್ತು. ಮತ್ತ ಮುಟ್ಟಿ ನೋಡಿದ್ರು. ನಾ ಉಸಿರು ಹಿಡಕೊಂಡೆ, ಬ್ಯಾನಿ ಅಷ್ಟಿತ್ತು. ಆದ್ರ ಹಾ ಅನ್ಲಿಲ್ಲ. ಹಾ ಅಂದ್ರ ಕೈ ತಗೀತಿದ್ರು.

ಖರೆ ಹೇಳ್ಬೇಕಂದ್ರ ಮಕ್ಕೊಂಡಾಗ ಬ್ಯಾನಿ ಹೆಚ್ಚು. ಮಂದಿ ನಡ ಮಕ್ಕೊಂಡ್ರ ಆರಾಮಾಗ್ತೈತಿ, ನನ್ನದು ಉಲ್ಟಾ. ಅದನ್ನ ಇವ್ರಿಗೆ ಹೇಳಿಲ್ಲ. ಹೆಚ್ಚೈತಿ ಅಂದ್ರ ದವಾಖಾನಿಗೆ ಹೋಗು ಅಂತಾರ, ಬ್ಯಾನಿ ಹೋತು ಅಂದ್ರ ಎಣ್ಣಿ ಬಾಟ್ಲಿ ಗ್ವಾಡಿ ಮಾಡದಾಗ ಇಡ್ತಾರ. ಎರಡೂ ಬ್ಯಾಡ. ಹಿಂಗ ಚೂರು ಇರ್ಲಿ, ದೇವರ.

9 ಜನವರಿ, ಗುರುವಾರ

ಮನಿ ಮನಿ ಸರ್ವೇ. ಮೂವತ್ತು ದಾಟಿದ ಹೆಂಗಸರಿಗೆಲ್ಲಾ ಎದ್ಯಾಗ ಗಂಟು ಐತೇನು ಅಂತ ಕೇಳಬೇಕು. ಮೂಲಿಮನಿ ರಾಮವ್ವ ಮೊದಲ "ಏನಿಲ್ಲ ತಗಿಯವ್ವಾ" ಅಂದ್ಲು. ಬಾಕಲಾ ದಾಟಿ ಬಂದಿದ್ದೆ, ಹಿಂದಿಂದ ಬಂದು ಸೆರಗು ಹಿಡದು ಅಡ್ಗಿಮನಿಗೆ ಎಳಕೊಂಡು ಹೋದ್ಲು. ಬಲಗಡೆ ಗಂಟು, ಲಿಂಬಿಕಾಯಿಯಷ್ಟು. "ಎಷ್ಟ ದಿನ ಆತು?" "ದಸರಾಕ್ಕ ನೋಡೇನಿ." ಸಿಟ್ಟು ನೆತ್ತಿಗೇರಿತು. "ಖೋಡಿ, ಮೂರು ತಿಂಗಳಾತು! ಯಾರಿಗೂ ಹೇಳಬಾರದೇನು? ಮುಚ್ಚಿಟ್ರ ತಾನ ಹೋಗ್ತೈತೇನು?" ಅಂತ ಬೈದೆ. ಅತ್ಲು. ಗದಗಿಗೆ ಕರಕೊಂಡು ಹೋಗೋದು ಅಂತ ಆತು.

ಮನೀಗೆ ಬಂದು ಫಾರ್ಮ ಜೋಡಿಸಿದೆ. ನಮ್ಮ ಮನೀದೂ ತುಂಬಬೇಕು. ಹಿಂದ ಕ್ಯಾನ್ಸರ್ ಆಗಿತ್ತು ಅಂತ ಬರದ್ರ ಈಗ ಹೆಂಗಿದ್ದಿ ಅಂತ ಕೇಳ್ತಾರ. ಹುಬ್ಬಳ್ಳಿ ಡಾಕ್ಟರ್ ಆರು ತಿಂಗಳಿಗೊಮ್ಮಿ ಬಾ ಅಂದಿದ್ರು. ಐದು ವರ್ಷದ ಗುಳಿಗಿ ಮುಗಿದ ಮ್ಯಾಲ ನಾ ಹೋಗ್ಲೇ ಇಲ್ಲ. ಮುಗೀತಲ್ಲ ಅಂತ. ನನ್ನ ಫಾರ್ಮ ಹಂಗ ಕೆಳಗ ಇಟ್ಟೀನಿ, ನಾಳೆ ತುಂಬಿದ್ರಾತು.

12 ಜನವರಿ, ರವಿವಾರ

ಕಾಲು. ಎಣ್ಣಿ. ಕೊರಳ ಹಿಂದಿನ ತನಕ ಹಚ್ಚಿದ್ರು ಇವತ್ತ, ಅಲ್ಲೆ ಬ್ಯಾನೀನ ಇಲ್ಲ. ನಾ ಹೇಳ್ಲಿಲ್ಲ, ಅವ್ರು ಕೇಳ್ಲಿಲ್ಲ.

19 ಜನವರಿ, ರವಿವಾರ

ಎರಡನೇ ಸಲ ಕಾಲಿಟ್ಟಾಗ ಒಳಗ ಕಟಕ್ ಅಂತು. ಕಣ್ಣಿಗೆ ಕತ್ತಲಿ ಬಂತು. ಗೋಣಿತಟ್ಟು ಕಚ್ಚಿ ಹಿಡದೆ. "ಏನಾತು?" ಅಂದ್ರು. "ಉಳುಕು ಬಿಡ್ತು ನೋಡ್ರಿ, ಈಗ ಹಗುರಾತು" ಅಂತ ಸುಳ್ಳ ಹೇಳಿದೆ. ಮೂರನೇದು ಇಡಲಿಲ್ಲ. ಎಣ್ಣಿ ಆ ಜಾಗ ಬಿಟ್ಟು ಸುತ್ತಮುತ್ತ ಅಷ್ಟ ಹಚ್ಚಿದ್ರು, ಬಾಟ್ಲ್ಯಾಗ ಕಡಿಮಿ ಇರಬೇಕು.

ಏಳಾಕ ಆಗ್ಲಿಲ್ಲ. ಅವ್ರು ಹೊಲಕ್ಕ ಹೋಗೋ ತನಕ ಬಿಸಲಿಗೆ ಮಕ್ಕೊಂಡಾಕಿ ಗತೆ ನಟನಾ ಮಾಡಿ, ಆಮ್ಯಾಲ ಕಟ್ಟಿ ಹಿಡದು ಎದ್ದೆ. ಎಡಗಾಲು ಜುಮ್ ಅನ್ನತೈತಿ.

22 ಜನವರಿ, ಬುಧವಾರ

ರಾಮವ್ವನ್ನ ಕರಕೊಂಡು ನಮ್ಮೂರ ನವಾಜನ ಬಾಡಿಗಿ ಗಾಡ್ಯಾಗ ಗದಗಿಗೆ ಹೋದೆ. ಪ್ರತಿ ತಗ್ಗಿಗೂ ನಾ ಸೀಟಿನಿಂದ ಮ್ಯಾಲ ಎದ್ದು ಕೈ ಊರತಿದ್ದೆ. "ಅಕ್ಕಾ, ಪೇಷಂಟ್ ಯಾರು, ನೀವೋ ಅವ್ರೋ?" ಅಂತ ನವಾಜ ನಕ್ಕ. ರಾಮವ್ವನೂ ನಕ್ಲು. ನಾನೂ ನಕ್ಕೆ.

ದವಾಖಾನ್ಯಾಗ ಡಾಕ್ಟರ್ ಜಾಹ್ನವಿ ಇದ್ರು, ಸಣ್ಣ ವಯಸ್ಸು, ಮಾತು ಖಡಕ್. ರಾಮವ್ವನ ಗಂಟು ಸ್ಕ್ಯಾನ್ ಮಾಡಿ ಸೂಜಿ ಹಾಕಿದ್ರು, ಒಳಗ ಬರೇ ನೀರು. "ಏನೂ ಇಲ್ಲ, ಆರಾಮ ಹೋಗ್ರಿ" ಅಂದಾಗ ರಾಮವ್ವ ಅಲ್ಲೇ ನನ್ನ ಕಾಲಿಗೆ ಬೀಳಾಕ ಬಂದ್ಲು. ಅಕಿನ್ನ ಎತ್ತಾಕ ಬಗ್ಗಿದಾಕಿ ನಾನ ಟೇಬಲ್ ಹಿಡಕೊಂಡು ನಿಂತೆ.

ಡಾಕ್ಟರ್ ನೋಡಿದ್ರು. "ಆಶಾ ಅವ್ರ, ಹೊರಳ್ರಿ ಹಿಂಗ" ಅಂದು ಬೆನ್ನೆಲುಬಿನ ಮ್ಯಾಲ ಮುಷ್ಟಿಲೆ ಮೆಲ್ಲಕ ಬಡಕೋತ ಬಂದ್ರು. ಒಂದು ಕಡೆ ಬಡದಾಗ ಯವ್ವಾ ಅಂತ ಒದರಿದೆ, ಹೊರಗಿನ ಮಂದಿ ಒಳಗ ಹಣಿಕಿ ಹಾಕಿದ್ರು.

"ಹಿಂದ ಏನರ ಆಪರೇಷನ್?"

ಹೇಳಿದೆ.

"ಮಕ್ಕೊಂಡಾಗ ಹೆಚ್ಚಾಗ್ತದೇನು? ಸೊರಗೀರೇನು? ನೀರಡಿಕಿ?"

ಎಲ್ಲಾದಕ್ಕೂ ಹೌದು ಅನ್ನಕೋತ ಹೋದೆ. ಒಂದೊಂದು ಹೌದಿಗೂ ಅವ್ರ ಮಾರಿ ಗಂಭೀರ ಆಗ್ತಿತ್ತು. ನಾನ ಊರಾಗ ಹೆಂಗಸರಿಗೆ ಹಿಂಗ ಕೇಳಾಕಿ. ಎಕ್ಸರೇ ಫೋಟೋ ತಗಸಿದ್ರು, ನಡದ ಮ್ಯಾಲಿನ ಒಂದು ಎಲುಬು ಕುಸದೈತಿ.

"ಬೆನ್ನಿನ ಮ್ಯಾಲ ಯಾರರ ತುಳದಾರೇನು? ಬಿದ್ದೀರೇನು?"

"ಇಲ್ಲರಿ" ಅಂದೆ. ಇವ್ರ ಹೆಸರು ಹೇಳಾಕ ಬಾಯಿ ಬರಲಿಲ್ಲ.

"ಯಾರೂ ಒತ್ತಬಾರದು, ತಿಕ್ಕಬಾರದು. ಕಾಲು ಪೂರಾ ಬಿದ್ದು ಹೋಗ್ಬಹುದು. ತಿಳೀತಿಲ್ಲೋ? ನಾಕು ಮಂದಿಗೆ ಹೇಳೋರು ನೀವು" ಅಂತ ಬೈದು, ಬೆಲ್ಟ್ ಕೊಟ್ಟು, ಎಂಆರ್‌ಐಗೆ ಬರದು ಕೊಟ್ರು. ಬೆಲ್ಟ್ ಸೀರಿ ಒಳಗ ಹಾಕ್ಕೊಂಡು ಬಂದೀನಿ. ಮನ್ಯಾಗ ಹೇಳಿಲ್ಲ. ರಾಮವ್ವಗ ಆಣಿ ಹಾಕೀನಿ.

26 ಜನವರಿ, ರವಿವಾರ

ಶಾಲ್ಯಾಗ ಧ್ವಜ ಏರಸೋದಿತ್ತು, ನಮ್ಮ ಅಂಗಳದ ಮಂದಿ ಜಲ್ದಿ ಖಾಲಿ ಆತು. ಕೊನೀಕ ಲಕ್ಷ್ಮೇಶ್ವರದ ರಹಮಾನಸಾಬರು ಎದ್ದು ಹೋದ್ರು. ನಾ ಒಳಗ ರೊಟ್ಟಿ ಬಡೀತೀನಿ ಅಂತ ಕುಂತಿದ್ದೆ, ಹಿಟ್ಟ ನಾದಿರಲಿಲ್ಲ.

"ಏ ಶೈಲಾ, ಬಾ. ಎಣ್ಣಿ ಬೆಚ್ಚಗ ಮಾಡೀನಿ."

ಅವ್ರ ಕರದ್ರು! ನಾ ಹೋಗಿ ಮಕ್ಕೊಂಡಿಲ್ಲ, ಅವ್ರ ಕರದ್ರು. ಆರು ವರ್ಷ ಈ ಒಂದು 'ಬಾ' ಸಲುವಾಗಿ ಪಡಸಾಲಿ ಬಾಗಲದ ಕಡೆ ಕಿವಿ ಕೊಟ್ಟು ಮಕ್ಕೊಂಡೀನಿ. ಹೊಸ್ತಿಲ ತನಕ ಹೋದೆ. ಗೋಣಿತಟ್ಟು ಝಾಡಿಸಿ ಹಾಸಿದ್ರು, ತಲಿ ಇಡೋ ಕಡೆ ತಮ್ಮ ಟಾವೆಲ್ ಮಡಚಿ ಇಟ್ಟಿದ್ರು. ಹೋಗಿ ಮಕ್ಕೊಂಡ ಬಿಡ್ಲಿ, ಕಾಲು ಬಿದ್ರ ಬೀಳ್ಲಿ ಅಂತ ಅನಸ್ತು. ಖರೇನ ಅನಸ್ತು.

"ಬ್ಯಾಡ್ರಿ. ಆರಾಮಾಗೈತಿ" ಅಂದೆ.

"ಪೂರಾ?"

"ಪೂರಾ."

ಟಾವೆಲ್ ಎತ್ತಿ ಹೆಗಲ ಮ್ಯಾಲ ಹಾಕ್ಕೊಂಡ್ರು. ಮಾರಿ ಯಾಕೋ ಸಣ್ಣದಾತು. ಆರಾಮಾತು ಅಂದ್ರ ಖುಷಿ ಆಗಬೇಕಲ್ಲ ಮನಶಾಗ? ಮಧ್ಯಾಹ್ನ ಊಟಾನೂ ನೆಟ್ಟಗ ಮಾಡ್ಲಿಲ್ಲ. ಗಂಡಸರ ಮನಸ್ಸು ಯಾರಿಗೆ ತಿಳೀತೈತಿ.

31 ಜನವರಿ, ಶುಕ್ರವಾರ

ಎಂಆರ್‌ಐ ಮೊನ್ನೆ ಆತು. ಇವತ್ತ ಮನಿಯವ್ರನ್ನ ಕರಕೊಂಡ ಬರ್ರಿ ಅಂತ ಡಾಕ್ಟರ್ ಫೋನ್ ಮಾಡಿದ್ರಿಂದ ಇವ್ರಿಗೆ ಹೇಳಲೇಬೇಕಾತು. ಗದಗಿನ ಹಾಸ್ಟೆಲಿನ್ಯಾಗ ಓದೋ ಮಗಳು ವಿದ್ಯಾಶ್ರೀನೂ ಬಂದ್ಲು.

ಡಾಕ್ಟರ್ ಪರದಾದ ಮ್ಯಾಲ ನನ್ನ ಬೆನ್ನು ತೋರಿಸಿದ್ರು. ಎಲುಬು ಬಿಳೇವು, ಮೂರು ಕಡೆ ಬ್ಯಾರೆ ಬಣ್ಣ. "ಇದು ಎಲುಬಿನ ಕ್ಯಾನ್ಸರ್ ಅಲ್ಲ" ಅಂದಾಗ ಜೀವ ಬಂದಂಗಾತು. "ನಿಮ್ಮ ಎದೀದ ಹಳೇ ರೋಗ. ಒಂದೆರಡು ಕಣ ಅವತ್ತ ರಕ್ತದಾಗ ಬಂದು ಎಲುಬಿನ್ಯಾಗ ಕುಂತಿರ್ತಾವು, ಇಷ್ಟು ವರ್ಷ ಸುಮ್ಮ ಇದ್ದು ಈಗ ಎದ್ದಾವು. ಎಲುಬಿನ ಚೂರು ತಗದು ಟೆಸ್ಟ್ ಮಾಡೋಣು. ಆಮ್ಯಾಲ ಔಷಧ ಯಾವುದು ಅಂತ ಹೇಳ್ತೀನಿ."

ವಿದ್ಯಾಶ್ರೀ ನನ್ನ ಕೈ ಹಿಡದ್ಲು. ಡಾಕ್ಟರ್ ಮತ್ತ ಅದ ಕೇಳಿದ್ರು: ಈ ಒಂದು ಎಲುಬು ಇಷ್ಟು ಕುಸಿಬೇಕಂದ್ರ ಮ್ಯಾಲ ಭಾರ ಬಿದ್ದಿರಬೇಕು.

"ನಾನ ತುಳದೀನ್ರಿ" ಅಂದ್ರು ಇವ್ರು.

ಡಾಕ್ಟರ್ ಬೈತಾರ ಅಂದುಕೊಂಡೆ. ಬೈಲಿಲ್ಲ. "ರೋಗ ನಿಮ್ಮ ಕಾಲಿನಿಂದ ಬಂದಿಲ್ಲ. ಅದು ಮೊದಲ ಎಲುಬು ತಿಂದಿತ್ತು" ಅಂದ್ರು. ಇವ್ರು ತಮ್ಮ ಎಡಗಾಲು ನೋಡಕೋತ ಕುಂತಿದ್ರು, ಕೇಳಿದ್ರೋ ಇಲ್ಲೋ ಗೊತ್ತಿಲ್ಲ.

2 ಫೆಬ್ರವರಿ, ರವಿವಾರ

ಬಂದ ಮಂದೀನ್ನೆಲ್ಲಾ ಹೊಳ್ಳಿ ಕಳಿಸಿದ್ರು. "ಇನ್ನ ಮಾಡಂಗಿಲ್ಲ, ದವಾಖಾನಿಗೆ ಹೋಗ್ರಿ." ಮುಂಡರಗಿಯಿಂದ ಬಂದ ಮುದುಕಿ ಕೈ ಮುಗಿದ್ಲು, ಆದ್ರೂ ಇಲ್ಲ.

ನಿನ್ನೆ ದವಾಖಾನ್ಯಾಗ ಎಲುಬಿನಿಂದ ಚೂರು ತಗದ ಮ್ಯಾಲ ನನಗ ಏಳಾಕ ಆಸರ ಬೇಕು. ಇವ್ರು ಎರಡು ಮಾರು ದೂರ ನಿಂತು ರಾಮವ್ವನ್ನ ಕರೀತಾರ. "ಅಕಿನ್ನ ಎಬ್ಬಸವಾ." ಕೈ ಬೆನ್ನ ಹಿಂದ ಕಟ್ಟಕೊಂಡಿರ್ತಾರ. ಕಾಲು ಹೋತು, ಕೈಯೂ ಹೋತು. ಎರಡು ತಿಂಗಳ ಹಿಂದ ಹೆಂಗಿತ್ತೋ ಅದಕ್ಕಿಂತ ದೂರ ಆತು. ಕ್ಯಾನ್ಸರ್ ಅಂದಾಗ ಬರಲಾರದ ಅಳು ಇವತ್ತ ರಾಮವ್ವನ ಹೆಗಲ ಮ್ಯಾಲ ಬಂತು. "ಹೆದರಬ್ಯಾಡ ಯವ್ವಾ, ಡಾಕ್ಟರ್ ಅದಾರ" ಅಂದ್ಲು. ಅಕಿಗೇನ ಗೊತ್ತು ನಾ ಯಾತಕ್ಕ ಅಳಾಕತ್ತೀನಿ ಅಂತ.

13 ಫೆಬ್ರವರಿ, ಗುರುವಾರ

ರಿಪೋರ್ಟ್ ಬಂತು. ಅದ ರೋಗ, ಹಳೇದ. ದಿನಾ ಗುಳಿಗಿ, ಎಲುಬಿಗೆ ತಿಂಗಳಿಗೊಂದು ಸೂಜಿ, ಬ್ಯಾನಿಗೆ ಹುಬ್ಬಳ್ಳ್ಯಾಗ ಕರೆಂಟು ಕೊಡೋದು, ಅಂದ್ರ ರೇಡಿಯೇಶನ್. ಸೋಮವಾರದಿಂದ ಶುರು.

"ಹೋಗ್ತೈತೇನ್ರಿ?" ಅಂತ ಕೇಳಿದೆ.

"ಪೂರಾ ಹೋಗೂದಿಲ್ಲ" ಅಂತ ಡಾಕ್ಟರ್ ಜಾಹ್ನವಿ ನನ್ನ ಕಣ್ಣು ನೋಡಿ ಹೇಳಿದ್ರು. "ಹತೋಟ್ಯಾಗ ಇಡಬಹುದು. ವರ್ಷಗಟ್ಲೆ ಇದ್ದವ್ರನ್ನ ನೋಡೀನಿ."

ಎಷ್ಟು ವರ್ಷ ಅಂತ ಕೇಳ್ಲಿಲ್ಲ. ಬ್ಯಾರೆ ಒಂದು ಕೇಳಿದೆ, ನಾಚಿಕಿ ಬಿಟ್ಟು. "ಯಾರರ ನನ್ನ ಮುಟ್ಟಬಹುದೇನ್ರಿ?"

ಡಾಕ್ಟರ್ ಪೆನ್ನು ಕೆಳಗಿಟ್ರು. "ಬೆನ್ನು ಒತ್ತಬಾರದು, ಅಷ್ಟ. ಮುಟ್ಟಾಕ ಏನಾತ್ರಿ? ಮುಟ್ಟಬೇಕು" ಅಂದ್ರು. ಇವ್ರು ಆಗ ಹೊರಗ ನವಾಜನ ಗಾಡಿ ಹತ್ರ ನಿಂತಿದ್ರು.

16 ಫೆಬ್ರವರಿ, ರವಿವಾರ

ಮಧ್ಯಾಹ್ನ ಇವ್ರು ಒಳಗ ಬಂದು, ಹುಬ್ಬಳ್ಳಿಗೆ ಒಯ್ಯೋ ಚೀಲ ಎಲ್ಲೈತಿ ಅಂತ ಕೇಳಿದ್ರು. "ಚೀಲ ಇರ್ಲಿ, ಕುಂಡ್ರಿ" ಅಂದೆ. ಇನ್ನ ಇಟ್ಕೊಳ್ಳಾಕ ಆಗ್ಲಿಲ್ಲ ನನಗ.

"ನಿಮ್ಮ ಕಾಲಿನ ತಪ್ಪಲ್ಲ ಅದು. ಬ್ಯಾನಿ ಹೆಚ್ಚಾಗಿದ್ದು ನನಗ ಗೊತ್ತಿತ್ತು. ಆಶಾ ಇದ್ದೀನಿ, ಹಳೇ ರೋಗ ಇತ್ತು, ತಿಳೀಲಾರದ್ದೇನು? ನೀವು ಮುಟ್ಟತೀರಿ ಅಂತ ಮಕ್ಕೊಂಡೆ. ಆ ಆಸೇಕ ಬಾಯಿ ಮುಚ್ಚಿದೆ."

ಅವ್ರು ಹೆಗಲ ಮ್ಯಾಲಿನ ಟಾವೆಲ್ ತಗದು ಮಡಚಿದ್ರು. ಆಮ್ಯಾಲ ಅಂದ್ರು, "ನನಗೂ ಗೊತ್ತಿತ್ತು."

"ಏನು?"

"ಉಳುಕು ಇದ್ದಲ್ಲೆ ನರ ಗಂಟ ಕಟ್ಟಿರ್ತೈತಿ, ಎಷ್ಟ ಬೆನ್ನು ನೋಡೀನಿ ನಾ. ನಿನ್ನ ಬೆನ್ನಾಗ ಗಂಟಿರಲಿಲ್ಲ, ಎಲುಬ ನೋಯತಿತ್ತು. ಮೊದಲ ಎಣ್ಣಿ ಹಚ್ಚಿದ ದಿನಾನ ಕೈಗೆ ತಿಳೀತು, ಇದು ನನ್ನ ಕೆಲಸ ಅಲ್ಲ ಅಂತ."

"ಮತ್ತ ಯಾಕ ಹೇಳ್ಲಿಲ್ಲ?"

"ಹೇಳಿದ್ರ ದವಾಖಾನಿಗೆ ಹೋಗ್ತಿದ್ದಿ. ಮತ್ತ ಬಂದು ಮಕ್ಕೊಳ್ತಿದ್ದಿಲ್ಲ."

ಸಿಟ್ಟು ಬಂತು ನೋಡ್ರಿ, ಮದಿವಿ ಆದ ಇಪ್ಪತ್ತೆರಡು ವರ್ಷದಾಗ ಬರಲಾರದಂಥಾ ಸಿಟ್ಟು. "ಏ ನಿನ್ನ! ಅವತ್ತ ಹೇಳಿದ್ರ ಆ ಎಲುಬು ಕುಸೀತಿತ್ತೇನು?" ಅಂತ ಒದರಿದೆ. ಗಂಡಗ ನೀ ಅಂದೆ ಅನ್ನೋದೂ ಖಬರ ಇರಲಿಲ್ಲ.

"ನೀ ಹೇಳಿದ್ರೂ ಕುಸೀತಿದ್ದಿಲ್ಲ" ಅಂದ್ರು ಮೆಲ್ಲಕ.

ಬ್ಯಾರೆ ಕಡೆಯಿಂದ ಹಿಡದೆ. "ಅಷ್ಟು ಆಸೆ ಇತ್ತಂದ್ರ ಆರು ವರ್ಷ ಪಡಸಾಲ್ಯಾಗ ಮಕ್ಕೊಂಡವ ಯಾಂವ?"

"ನೀನ ಅಂದಿದ್ದಿ. ಹುಬ್ಬಳ್ಳಿಯಿಂದ ಬಂದ ದಿನ. ಗ್ವಾಡಿ ಕಡೆ ಹೊರಳಿ, ಮುಟ್ಟಬ್ಯಾಡ್ರಿ ಅಂದಿ."

ಅಂದಿದ್ನೇನು? ಅಂದಿರಬೇಕು. ನೆನಪ ಇಲ್ಲ. "ಅವತ್ತ ಹೊಲಿಗಿ ಹಸೇದಿತ್ತು ಮಾರಾಯಾ! ಅವತ್ತಿಗೆ ಅಂದಿದ್ದೆ!"

"ಅವತ್ತಿಗೆ ಅಂತ ನೀ ಹೇಳ್ಲಿಲ್ಲ. ದಿನಾ ಕಾದೆ. ನಿನಗ ನಾ ಬ್ಯಾಡಾಗೀನಿ ಅಂದುಕೊಂಡೆ."

ಇಬ್ರೂ ಅತ್ವಿ. ನಾ ಸಿಟ್ಟಿಲೆ ಅತ್ತೆ, ಅವ್ರು ಯಾತಕ್ಕೋ. ಆರು ವರ್ಷ! ನಡುವ ಒಂದು ಗ್ವಾಡಿ ಇಟ್ಕೊಂಡು, ಎರಡು ಹುಚ್ಚು ಒಂದ ಮನ್ಯಾಗ. ಈಗ ಎಷ್ಟು ಉಳದಾವೋ ಡಾಕ್ಟರಿಗೂ ಗೊತ್ತಿಲ್ಲ.

ಬೆಲ್ಟ್ ಹಾಕ್ಕೊಂಡಿದ್ರಿಂದ ನೆಟ್ಟಗ ಕುಂತಿದ್ದೆ. ಜಂಪರದ ಗುಂಡಿ ನಾನ ಬಿಚ್ಚಿದೆ. "ಮುಟ್ರಿ" ಅಂದೆ. ಅವ್ರು ಎಡಗಡೆ ಹೊಲಿಗಿ ಗಾಯದ ಮ್ಯಾಲ ಅಂಗೈ ಇಟ್ರು. ಒತ್ತಲಿಲ್ಲ. ನನ್ನ ಸಿಟ್ಟು ಒಂದು ಚೂರೂ ಇಳದಿರಲಿಲ್ಲ, ಹಂಗ ಅವ್ರಿಗೆ ಹೇಳಿದೆ. "ಇರ್ಲಿ, ಬೈ" ಅಂದ್ರು. ಹಿತ್ತಲದಾಗ ಎಮ್ಮಿ ಒದರಾಕತ್ತು, ಹಾಲು ಹಿಂಡೋ ಹೊತ್ತಾಗಿತ್ತು. ಅವ್ರು ಏಳಾಕ ಹೋದ್ರು.

"ಒದರ್ಲಿ" ಅಂದೆ.